ಅನಾನಸ್ ಚಟ್ನಿ: ತಕ್ಕಡಿಯಿಂದ ಹಿಡಿದ ಹದ

ತೆಂಗಿನತುರಿ ಹಾಕಿ ರುಬ್ಬಿದ ಚಟ್ನಿ ಮಾಡಿದ ಹೊತ್ತಿಗೇ ಖರ್ಚಾಗಬೇಕು. ರಾತ್ರಿಯವರೆಗೆ ಉಳಿದರೆ ಮೂಸಿ ನೋಡಿಯೇ ಬಡಿಸಬೇಕಾಗುತ್ತದೆ. ನಾನು ಇಲ್ಲಿ ಬರೆಯುತ್ತಿರುವುದು ಆ ಬಗೆಯದಲ್ಲ. ಕಾಯಿ ಮುಟ್ಟಿಸದೆ, ಬೆಲ್ಲ, ಉಪ್ಪು, ಹುಳಿ, ಖಾರಗಳನ್ನೇ ನಂಬಿ ಬೇಯಿಸಿ ಬತ್ತಿಸಿದ, ಬಾಟಲಿಯಲ್ಲಿ ತುಂಬಿಟ್ಟರೆ ಮಳೆಗಾಲದಿಂದ ದೀಪಾವಳಿಯವರೆಗೂ ಬಾಳಿಕೆ ಬರುವ ಅನಾನಸ್ ಚಟ್ನಿ ಇದು. ಶಿರಸಿ, ಬನವಾಸಿಯ ಸುತ್ತಮುತ್ತ ಅನಾನಸ್ ಬೆಳೆಯುವ ನಮ್ಮ ಕಡೆಯಲ್ಲಿ ಮಳೆ ಹಿಡಿಯುವ ಹೊತ್ತಿಗೆ ಹಣ್ಣು ಒಮ್ಮೆಲೇ ಬರುತ್ತದೆ. ಗೊಜ್ಜು, ಸಾಸಿವೆ, ಕೇಸರಿಬಾತು ಎಂದು ಎಷ್ಟು ಬಗೆ ಮಾಡಿದರೂ ಮೂಲೆಯಲ್ಲಿಟ್ಟ ಹಣ್ಣು ಕರಗುವುದಿಲ್ಲ, ಮನೆಯವರ ನಾಲಿಗೆ ಮಾತ್ರ ದಣಿಯುತ್ತದೆ. ಹಾಗೆ ಉಳಿದ ಹಣ್ಣಿಗೆ ನಾನು ರೂಢಿಸಿಕೊಂಡ ಕ್ರಮವನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಕ್ಯೂ ಜಾತಿಯ ಹಣ್ಣು. ಗಾತ್ರದಲ್ಲಿ ದೊಡ್ಡದು, ಕಣ್ಣುಗಳು ಅಗಲವಾಗಿ ಹೆಚ್ಚು ಆಳವಿಲ್ಲದೆ ಇರುತ್ತವೆ, ತಿರುಳು ತಿಳಿಹಳದಿ, ರಸ ಧಾರಾಳ. ಚಟ್ನಿಗೆ ಪೂರ್ತಿ ಕಳಿತ ಹಣ್ಣಿಗಿಂತ, ಬುಡದಿಂದ ಅರ್ಧದವರೆಗೆ ಹಳದಿ ಏರಿ ಮೇಲ್ಭಾಗ ಇನ್ನೂ ಹಸಿರಾಗಿರುವ ಹಣ್ಣನ್ನೇ ನಾನು ಆರಿಸುತ್ತೇನೆ, ಏಕೆಂದರೆ ಅದರಲ್ಲಿ ಹುಳಿಯೂ ಇರುತ್ತದೆ, ಬೆಂದ ಮೇಲೂ ಹೋಳು ಹೋಳಾಗಿಯೇ ನಿಲ್ಲುತ್ತದೆ. ಅನಾನಸ್ ಬಾಳೆಯಂತೆ ಕೊಯ್ದ ಮೇಲೆ ಸಿಹಿಯಾಗುವ ಹಣ್ಣಲ್ಲ. ಅದರಲ್ಲಿ ಸಕ್ಕರೆಯಾಗಿ ಮಾರ್ಪಡಬೇಕಾದ ಪಿಷ್ಟದ ದಾಸ್ತಾನು ಇರುವುದಿಲ್ಲವಾದ್ದರಿಂದ, ಮನೆಯಲ್ಲಿಟ್ಟರೆ ಸಿಪ್ಪೆಯ ಬಣ್ಣ ತಿರುಗುತ್ತದೆ, ತಿರುಳು ಮೆತ್ತಗಾಗುತ್ತದೆ, ಸಿಹಿ ಮಾತ್ರ ಗಿಡದಲ್ಲಿದ್ದಾಗ ಎಷ್ಟಿತ್ತೋ ಅಷ್ಟೇ. ಆದ್ದರಿಂದ ಎಳೆಯ ಹಣ್ಣನ್ನು ತಂದು ಕಾಯುವುದರಲ್ಲಿ ಅರ್ಥವಿಲ್ಲ. ಬುಡವನ್ನು ಮೂಸಿದಾಗ ಪರಿಮಳ ಬರಬೇಕು. ಹೆಂಡದ ವಾಸನೆ ಬಂದರೆ ಆ ಹಣ್ಣನ್ನು ಬಿಟ್ಟುಬಿಡಬೇಕು.

ಸಿಪ್ಪೆಯನ್ನು ದಪ್ಪವಾಗಿ ಹೆರೆದರೆ ಕಣ್ಣುಗಳ ಜೊತೆ ತಿರುಳೂ ಹೋಗುತ್ತದೆ. ಕಣ್ಣುಗಳು ಓರೆಯಾದ ಸಾಲುಗಳಲ್ಲಿ ಇರುವುದರಿಂದ, ಸಿಪ್ಪೆಯನ್ನು ತೆಳುವಾಗಿ ತೆಗೆದು ಆ ಸಾಲುಗಳ ಗುಂಟ ಚೂರಿಯಿಂದ ಕಾಲುವೆ ತೋಡಿದಂತೆ ಕತ್ತರಿಸಿದರೆ ನಷ್ಟ ಕಡಿಮೆ. ನಡುವಿನ ದಿಂಡನ್ನು ನಾನು ಎಸೆಯುವುದಿಲ್ಲ, ತುರಿದು ಹೋಳುಗಳೊಂದಿಗೆ ಸೇರಿಸುತ್ತೇನೆ. ಬೆಂದಾಗ ಅದು ಚಟ್ನಿಗೆ ಮೈಕಟ್ಟು ಕೊಡುತ್ತದೆ. ಈ ಕೆಲಸ ಮಾಡುವಾಗ ಕೈಯಲ್ಲಿ ಗಾಯವಿದ್ದರೆ ಉರಿ ತಪ್ಪಿದ್ದಲ್ಲ. ಅನಾನಸ್‌ನಲ್ಲಿ ಬ್ರೊಮಲೈನ್ ಎಂಬ, ಪ್ರೋಟೀನನ್ನು ಕರಗಿಸುವ ಕಿಣ್ವ ಇದೆ. ಹಸಿ ಹಣ್ಣನ್ನು ಹೆಚ್ಚು ತಿಂದಾಗ ನಾಲಿಗೆ ಚುರುಗುಟ್ಟುವುದರಲ್ಲಿ ಅದರ ಪಾಲೂ ಇದೆ. ಕುದಿಸಿದಾಗ ಆ ಕಿಣ್ವ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ.

ನನ್ನ ಅಳತೆ ಹೀಗಿದೆ. ಸಿಪ್ಪೆ, ಕಣ್ಣು ತೆಗೆದು ಹೆಚ್ಚಿದ ಹೋಳು 1 ಕಿಲೋ, ಬೆಲ್ಲ 400 ಗ್ರಾಂ, ಉಪ್ಪು 15 ಗ್ರಾಂ, ಸಣ್ಣಗೆ ಹೆಚ್ಚಿದ ಶುಂಠಿ 30 ಗ್ರಾಂ, ಒಣಗಿದ ಮುರುಗಲು (ಪುನರ್ಪುಳಿ, ಕೋಕಂ) ಸಿಪ್ಪೆ ಏಳೆಂಟು, ಬ್ಯಾಡಗಿ ಮೆಣಸು ಹನ್ನೆರಡು, ಖಾರಕ್ಕಾಗಿ ಗುಂಟೂರು ಮೆಣಸು ನಾಲ್ಕು, ಸಾಸಿವೆ ಎರಡು ಚಮಚ, ಮೆಂತ್ಯ ಕಾಲು ಚಮಚ, ಇಂಗು, ಮೂರು ಚಮಚ ಎಳ್ಳೆಣ್ಣೆ. ಬ್ಯಾಡಗಿ ಮೆಣಸು ಬಣ್ಣಕ್ಕೆ ಹೆಸರಾದದ್ದೇ ಹೊರತು ಖಾರಕ್ಕಲ್ಲ, ಅದಕ್ಕಾಗಿಯೇ ಎರಡನ್ನೂ ಬೆರೆಸುತ್ತೇನೆ. ಅಂದಹಾಗೆ, ನಮ್ಮ ಊರಿನ ಅಡುಗೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಇದರಲ್ಲಿ ಅನಾನಸ್ಸೂ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಹಡಗೇರಿ ಬಂದವು. ಅಪ್ಪಟ ಪಶ್ಚಿಮ ಘಟ್ಟದ್ದು ಎನ್ನಬಹುದಾದದ್ದು ಮುರುಗಲು ಮಾತ್ರ.

ಪಾತ್ರೆಯ ವಿಷಯದಲ್ಲಿ ರಾಜಿ ಬೇಡ. ಹುಳಿ ಪದಾರ್ಥವನ್ನು ಅಷ್ಟು ಹೊತ್ತು ಕುದಿಸುವುದರಿಂದ ಅಲ್ಯೂಮಿನಿಯಂ ಪಾತ್ರೆಯಾಗಲಿ ಕಲಾಯಿ ಹೋದ ಹಿತ್ತಾಳೆ ಪಾತ್ರೆಯಾಗಲಿ ಸಲ್ಲದು. ದಪ್ಪ ತಳದ, ಅಗಲ ಬಾಯಿಯ ಸ್ಟೀಲ್ ಪಾತ್ರೆ ಒಳ್ಳೆಯದು. ಬಾಯಿ ಅಗಲವಾದಷ್ಟೂ ನೀರು ಬೇಗ ಆವಿಯಾಗುತ್ತದೆ. ಒಲೆಗೆ ಏರಿಸುವ ಮೊದಲು ಖಾಲಿ ಪಾತ್ರೆಯನ್ನು ಸೌಟಿನ ಸಮೇತ ತೂಗಿ ಬರೆದಿಟ್ಟುಕೊಳ್ಳಬೇಕು. ನನ್ನ ಕ್ರಮದಲ್ಲಿ ಬೇರೆಯವರದ್ದಕ್ಕಿಂತ ಭಿನ್ನವಾದದ್ದು ಇದೊಂದೇ.

ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅನಾನಸ್ ತಿರುಳಿನಲ್ಲಿ ನೂರಕ್ಕೆ ಸುಮಾರು 86 ಭಾಗ ನೀರು. ಹಣ್ಣಿನ ಪಾಕವನ್ನು ಹೆಪ್ಪುಗಟ್ಟಿಸುವ ಪೆಕ್ಟಿನ್ ಎಂಬ ಅಂಶ ಸೀಬೆ, ಸೇಬುಗಳಲ್ಲಿ ಇರುವಷ್ಟು ಇದರಲ್ಲಿ ಇಲ್ಲದ ಕಾರಣ, ಎಷ್ಟು ಬೆಲ್ಲ ಹಾಕಿ ಕುದಿಸಿದರೂ ಇದು ಜಾಮಿನಂತೆ ತಾನಾಗಿ ಹೆಪ್ಪುಗಟ್ಟುವುದಿಲ್ಲ. ಗಟ್ಟಿಯಾಗಬೇಕಾದರೆ ನೀರು ಹೋಗಲೇಬೇಕು, ಬೇರೆ ದಾರಿಯಿಲ್ಲ. ಆದರೆ ಬಿಸಿಯಾಗಿರುವಾಗ ಪಾಕ ತೆಳ್ಳಗೆ ಕಾಣುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ಕಣ್ಣಳತೆಯನ್ನೇ ನೆಚ್ಚಿದರೆ ಒಂದು ಸಲ ನೀರಾಗಿ ಬೂಷ್ಟು ಹಿಡಿಯುವುದು, ಇನ್ನೊಂದು ಸಲ ಕಲ್ಲಾಗಿ ಚಮಚ ಬಾಗುವುದು. ಲೆಕ್ಕ ಹಾಕಿ ನೋಡಿದರೆ, 1 ಕಿಲೋ ಹೋಳಿನಲ್ಲಿ ನೀರನ್ನು ಬಿಟ್ಟು ಉಳಿಯುವುದು ಸುಮಾರು 140 ಗ್ರಾಂ. ಅದಕ್ಕೆ ಬೆಲ್ಲ, ಉಪ್ಪು, ಮಸಾಲೆಗಳ ಒಣ ಅಂಶ ಸೇರಿದರೆ 540 ಗ್ರಾಂ ಆಸುಪಾಸು ಆಗುತ್ತದೆ. ಚಟ್ನಿಯ ಒಟ್ಟು ತೂಕ 800 ಗ್ರಾಂಗೆ ಇಳಿದಾಗ ಒಲೆ ಆರಿಸಿದರೆ ಮೂರರಲ್ಲಿ ಎರಡು ಪಾಲು ಘನಾಂಶ, ಒಂದು ಪಾಲು ನೀರು ಎಂದಾಯಿತು. ಆ ಹದದಲ್ಲಿ ಚಟ್ನಿ ಚಮಚದಿಂದ ಸಲೀಸಾಗಿ ಇಳಿಯುತ್ತದೆ, ಕೆಡುವ ಭಯವೂ ಕಡಿಮೆ.

ಮೊದಲು ಹೋಳು, ದಿಂಡಿನ ತುರಿ, ಉಪ್ಪು, ಶುಂಠಿ, ಮುರುಗಲು ಇಷ್ಟನ್ನೇ ಪಾತ್ರೆಗೆ ಹಾಕಿ, ನೀರು ಸೇರಿಸದೆ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸುತ್ತೇನೆ. ಉಪ್ಪಿಗೆ ಹಣ್ಣು ತಾನೇ ನೀರು ಬಿಡುತ್ತದೆ. ಹೋಳು ಬೆರಳಿಗೆ ಹಿಸುಕುವಷ್ಟು ಬೆಂದ ಮೇಲೆ ಮುಚ್ಚಳ ತೆಗೆದು ಉರಿ ಹೆಚ್ಚಿಸಿ, ಒಳಗಿನದ್ದು 600 ಗ್ರಾಂ ಆಗುವವರೆಗೆ ಬತ್ತಿಸುತ್ತೇನೆ. ಬೆಲ್ಲದ ಸರದಿ ಅನಂತರದ್ದು. ಬೆಲ್ಲವನ್ನು ಮೊದಲೇ ಸುರಿದರೆ ಹೋಳುಗಳು ಬಿರುಸಾಗಿ ನಾರುನಾರಾಗಿಯೇ ಉಳಿಯುತ್ತವೆ, ಜೊತೆಗೆ ಪಾಕ ತಳ ಹಿಡಿದು ಕಹಿಯಾಗುವ ಸಾಧ್ಯತೆಯೂ ಇದೆ. ಅಚ್ಚುಬೆಲ್ಲವನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ, ಕಸ ಸೋಸಿ ಹಾಕಬೇಕು. ಹೊಳೆಯುವ ಹಳದಿ ಬೆಲ್ಲಕ್ಕಿಂತ ಕಪ್ಪಗಿನ ಬೆಲ್ಲವೇ ನನಗೆ ಇಷ್ಟ, ಚಟ್ನಿಯ ಬಣ್ಣ ಹೇಗೂ ಗಾಢವಾಗಿಯೇ ಇರಬೇಕು. ಜೋನಿ ಬೆಲ್ಲ ಮನೆಯಲ್ಲಿದ್ದರೆ ಅದೂ ಆಗುತ್ತದೆ. ಅದರಲ್ಲಿ ನೀರಿನ ಅಂಶ ಹೆಚ್ಚಿರುವುದರಿಂದ 450 ಗ್ರಾಂ ಹಾಕಿ, ಕರಗಿಸುವ ನೀರನ್ನು ಬಿಟ್ಟುಬಿಡುತ್ತೇನೆ.

ಬೆಲ್ಲ ಬಿದ್ದ ಮೇಲೆ ಒಲೆ ಬಿಟ್ಟು ಹೋಗುವಂತಿಲ್ಲ. ಪಾಕ ದಪ್ಪನೆಯ ಗುಳ್ಳೆಗಳಾಗಿ ಕುದಿಯಲು ಶುರುವಾದಾಗ ಕೈಗೆ ಹಾರುತ್ತದೆ, ಆದ್ದರಿಂದ ಉದ್ದ ಹಿಡಿಯ ಸೌಟೇ ಬೇಕು. ತೂಗುವಾಗ ಪಾತ್ರೆಯನ್ನು ಮಣೆಯ ಮೇಲಿಟ್ಟು, ಮಣೆಯ ತೂಕ ಕಳೆದು ನೋಡುತ್ತೇನೆ. ಕಾದ ತಳ ನೇರವಾಗಿ ತಾಗಿದರೆ ಅಡುಗೆಮನೆಯ ತಕ್ಕಡಿಯ ಪ್ಲಾಸ್ಟಿಕ್ ಉಳಿಯುವುದಿಲ್ಲ. ಸೌಟು ಎಳೆದಾಗ ತಳದಲ್ಲಿ ದಾರಿ ಮೂಡಿ ಕ್ಷಣಕಾಲ ಹಾಗೆಯೇ ನಿಲ್ಲುವುದು, ತಟ್ಟೆಗೆ ಹಾಕಿದ ಚಟ್ನಿಯ ಸುತ್ತ ನೀರಿನ ಉಂಗುರ ಕಾಣದಿರುವುದು, ಇವು ಹಳೆಯ ಪರೀಕ್ಷೆಗಳು. ಅತ್ತೆಯವರು ಇವತ್ತಿಗೂ ತಟ್ಟೆಯನ್ನೇ ನಂಬುತ್ತಾರೆ, ನನ್ನ ತಕ್ಕಡಿಯನ್ನಲ್ಲ. ಇಬ್ಬರ ತೀರ್ಪೂ ಬಹುಮಟ್ಟಿಗೆ ಒಂದೇ ಕಡೆ ಬಂದು ನಿಲ್ಲುತ್ತದೆ.

ತೂಕ 900 ಗ್ರಾಂ ಸಮೀಪಿಸಿದಾಗ ಮಸಾಲೆ ಸೇರಿಸಬೇಕು. ಮೆಣಸು, ಮೆಂತ್ಯ ಮತ್ತು ಒಂದು ಚಮಚ ಸಾಸಿವೆಯನ್ನು ಕೆಲವು ಹನಿ ಎಣ್ಣೆಯಲ್ಲಿ ಹುರಿದು ತರಿಯಾಗಿ ಪುಡಿ ಮಾಡಿಟ್ಟುಕೊಂಡಿರುತ್ತೇನೆ. ಮೆಂತ್ಯ ಕೆಂಪಾದರೆ ಸಾಕು, ಕಪ್ಪಾದರೆ ಇಡೀ ಪಾತ್ರೆ ಕಹಿ. ಪುಡಿಯನ್ನು ಮೊದಲೇ ಹಾಕಿ ಉದ್ದಕ್ಕೂ ಕುದಿಸಿದರೆ ಘಮವೂ ಕೆಂಪೂ ಮಂಕಾಗುತ್ತವೆ. ಉಳಿದ ಎಣ್ಣೆಯಲ್ಲಿ ಉಳಿದ ಸಾಸಿವೆ ಸಿಡಿಸಿ, ಇಂಗು ಹಾಕಿ ಒಗ್ಗರಣೆ ಕೊಟ್ಟು, ಮುರುಗಲು ಸಿಪ್ಪೆಗಳನ್ನು ಆರಿಸಿ ತೆಗೆದು, 800 ಗ್ರಾಂ ಆದ ಕೂಡಲೇ ಒಲೆ ಆರಿಸುತ್ತೇನೆ.

ಮುರುಗಲು ಬರಿಯ ರುಚಿಗೆ ಹಾಕುವುದಲ್ಲ. ಹುಳಿಯ ಅಳತೆಯಾದ ಪಿಎಚ್ ಮಟ್ಟ (ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 4.6ಕ್ಕಿಂತ ಕೆಳಗಿರುವಲ್ಲಿ, ಬೊಟುಲಿಸಂ ಎಂಬ ಮಾರಕ ಆಹಾರವಿಷವನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಲಾರದು. ಅನಾನಸ್ ಸಹಜವಾಗಿಯೇ ಆ ಮಿತಿಯ ಕೆಳಗಿದೆ, ಆದರೂ ಹಣ್ಣಿನಿಂದ ಹಣ್ಣಿಗೆ ಹುಳಿ ಬದಲಾಗುವುದರಿಂದ ಮುರುಗಲನ್ನೋ ಅದಿಲ್ಲದಿದ್ದರೆ ಎರಡು ನಿಂಬೆಹಣ್ಣಿನ ರಸವನ್ನೋ ಬಿಡಬಾರದು. ಹುಳಿಗೂ ಸಿಹಿಗೂ ಜಗ್ಗದಿರುವುದು ಬೂಷ್ಟು. ಅದಕ್ಕಾಗಿ ಸಣ್ಣ ಗಾಜಿನ ಬಾಟಲಿಗಳನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಒಣಗಿಸಿ, ಬಿಸಿ ಬಾಟಲಿಗೆ ಬಿಸಿ ಚಟ್ನಿಯನ್ನೇ ಬಾಯಿಂದ ಅರ್ಧ ಅಂಗುಲ ಬಿಟ್ಟು ತುಂಬಿ ಮುಚ್ಚಬೇಕು. ಬಾಟಲಿಯನ್ನು ತಣ್ಣನೆಯ ಗ್ರಾನೈಟ್ ಕಟ್ಟೆಯ ಮೇಲಲ್ಲ, ಮಡಚಿದ ಬಟ್ಟೆಯ ಮೇಲಿಡಬೇಕು, ಇಲ್ಲದಿದ್ದರೆ ಸೀಳುತ್ತದೆ. ಆರಿದ ಮೇಲೆ ಎಲ್ಲವನ್ನೂ ಫ್ರಿಜ್ಜಿನಲ್ಲಿಡುತ್ತೇನೆ. ನಮ್ಮ ಕಡೆಯ ಆಷಾಢದ ತೇವದಲ್ಲಿ ಹೊರಗಿಟ್ಟು ಧೈರ್ಯ ತೋರಿಸುವ ಅಗತ್ಯವಿಲ್ಲ. ಮೇಲೆ ಬೂಷ್ಟು ಕಂಡರೆ ಕೆರೆದು ತೆಗೆದು ಉಳಿದದ್ದನ್ನು ತಿನ್ನುವ ಅಭ್ಯಾಸ ಕೆಲವರಿಗಿದೆ, ನಾನು ಇಡೀ ಬಾಟಲಿಯನ್ನೇ ಚೆಲ್ಲುತ್ತೇನೆ.

ಮಾಡಿದ ದಿನವೇ ತಿಂದರೆ ಖಾರ, ಹುಳಿ, ಸಿಹಿ ಬೇರೆಬೇರೆಯಾಗಿ ನಾಲಿಗೆಗೆ ಸಿಗುತ್ತವೆ. ವಾರ ಕಳೆದ ಮೇಲೆ ಒಂದಾಗುತ್ತವೆ. ತೆಳ್ಳೇವಿಗೆ (ನಮ್ಮ ಕಡೆಯ ತೆಳು ದೋಸೆ), ಚಪಾತಿಗೆ, ಎಲ್ಲಕ್ಕಿಂತ ಮಿಗಿಲಾಗಿ ಮೊಸರನ್ನಕ್ಕೆ ಇದು ಹೊಂದುತ್ತದೆ. ಹಸಿ ಅನಾನಸ್ ಬೆರೆಸಿಟ್ಟ ಮೊಸರು ಸ್ವಲ್ಪ ಹೊತ್ತಿನಲ್ಲೇ ಕಹಿಯಾಗುತ್ತದೆ, ಅದು ಬ್ರೊಮಲೈನ್‌ನ ಕೆಲಸ. ಬೇಯಿಸಿದ ಚಟ್ನಿಯಲ್ಲಿ ಆ ತೊಂದರೆಯಿಲ್ಲ.

ಬೆಂಗಳೂರಿನಂಥ ಊರುಗಳಲ್ಲಿ ಇರುವವರಿಗೆ ಕೇರಳದ ವಾಳಕ್ಕುಳಂ ಕಡೆಯ ಮಾರಿಷಸ್ ಜಾತಿಯ ಹಣ್ಣು ಸಿಗುತ್ತದೆ. ಅದು ಗಾತ್ರದಲ್ಲಿ ಚಿಕ್ಕದು, ಕ್ಯೂಗಿಂತ ಸಿಹಿ, ಕಣ್ಣುಗಳು ಆಳ. ಅದನ್ನು ಬಳಸುವುದಾದರೆ ಬೆಲ್ಲವನ್ನು 350 ಗ್ರಾಂಗೆ ಇಳಿಸಿ, ಮುರುಗಲು ಸಿಪ್ಪೆ ಎರಡು ಹೆಚ್ಚು ಹಾಕಿ, ಕೊನೆಯ ತೂಕವನ್ನು 750 ಗ್ರಾಂಗೆ ನಿಲ್ಲಿಸಬೇಕು.