ಹತ್ತು ನಿಮಿಷಕ್ಕೆ ನಿಲ್ಲುತ್ತಿದ್ದ ನನ್ನ ಮರದ ಗಡಿಯಾರ

ವರ್ಕ್‌ಶಾಪ್‌ನಲ್ಲಿ ಉಳಿದಿದ್ದ 6 ಮಿ.ಮೀ. ಪ್ಲೈವುಡ್, ಹಿತ್ತಾಳೆ ಕಡ್ಡಿಗಳು, ಒಂದಿಷ್ಟು ತಂತಿ. ಇವುಗಳಲ್ಲೇ ಒಂದು ಲೋಲಕದ ಗಡಿಯಾರ ಮಾಡಿದೆ. ಲೋಲಕ ಒಮ್ಮೆ ಹೋಗಿ ಬಂದಾಗ ಒಂದೇ ಹಲ್ಲು ಮುಂದೆ ಸರಿಯುವ ಎಸ್ಕೇಪ್ ವೀಲ್‌ಗೆ 30 ಹಲ್ಲು. ಲೋಲಕ ಒಮ್ಮೆ ಹೋಗಿ ಬರಲು 2 ಸೆಕೆಂಡು, ಹಾಗಾಗಿ ಚಕ್ರ ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು. ಅದಕ್ಕೆ ಲೋಲಕದ ಉದ್ದ ಸುಮಾರು 99.4 ಸೆಂ.ಮೀ. ಇರಬೇಕು.

ಎಲ್ಲ ಜೋಡಿಸಿದೆ. ಹತ್ತು ನಿಮಿಷ ಓಡಿ ನಿಂತುಹೋಯಿತು!

ಶಕ್ತಿ ಸಾಲುತ್ತಿಲ್ಲ ಅಂದುಕೊಂಡು ಗಡಿಯಾರ ಓಡಿಸಲು ನೇತುಹಾಕಿದ್ದ ತೂಕ ಜಾಸ್ತಿ ಮಾಡಿದೆ. ಅದು ತಪ್ಪು. ಉಜ್ಜಾಟ ಹೆಚ್ಚಿತೇ ಹೊರತು ಗಡಿಯಾರ ಓಡಲಿಲ್ಲ. ಕೊನೆಗೆ ಸುಮ್ನೆ ಪಕ್ಕದಲ್ಲಿ ಕೂತು ಸದ್ದು ಕೇಳಿದೆ. ಟಿಕ್‌-ಟಕ್... ಟಿಕ್‌-ಟಕ್... ಎರಡರ ನಡುವಿನ ಅಂತರ ಸಮ ಇರಲಿಲ್ಲ. ಅಂದರೆ ಲೋಲಕಕ್ಕೆ ಒಂದು ಕಡೆ ತಳ್ಳು ಬೇಗ, ಇನ್ನೊಂದು ಕಡೆ ತಡವಾಗಿ ಸಿಗುತ್ತಿತ್ತು. ಲೋಲಕವನ್ನು ತಳ್ಳುವ ತಂತಿಯನ್ನು ಕೂದಲೆಳೆಯಷ್ಟು ಬಗ್ಗಿಸಿದೆ. ಕೇಳಿದೆ. ಮತ್ತೆ ಬಗ್ಗಿಸಿದೆ. ಸದ್ದು ಸಮವಾದ ಆ ಕ್ಷಣ ನನಗೆ ಆದ ಖುಷಿ ಹೇಳತೀರದು.

ಆಮೇಲೂ ಒಂದು ಹಲ್ಲು ಪ್ರತಿ ಸುತ್ತಿಗೂ ತೊಡರುತ್ತಿತ್ತು. ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಪೆನ್ಸಿಲ್ ಸೀಸ ಸವರಿದೆ. ಮರದ ಹಲ್ಲಿಗೆ ಎಣ್ಣೆ ಬೇಡ, ಮರ ಅದನ್ನು ಹೀರಿಕೊಳ್ಳುತ್ತದೆ, ಧೂಳೂ ಅಂಟುತ್ತದೆ.

ಈಗ ದಿನಕ್ಕೆ 2 ನಿಮಿಷ ಹಿಂದೆ ಬೀಳುತ್ತಿತ್ತು. ಲೋಲಕ 1 ಮಿ.ಮೀ. ಗಿಡ್ಡವಾದರೆ ದಿನಕ್ಕೆ ಸುಮಾರು 43 ಸೆಕೆಂಡು ಮುಂದೆ ಓಡುತ್ತದೆ. ಲೋಲಕದ ತುದಿಯ ಗುಂಡನ್ನು ಸುಮಾರು 3 ಮಿ.ಮೀ. ಮೇಲೆತ್ತಿದೆ, ಅಷ್ಟೇ.