ಮಕ್ಕಳನ್ನ ಆಸ್ಪತ್ರೆ ಕೆಲಸದ ಕಡೆ ಸೆಳೆಯೋದು ಹೇಗೆ?

ಹೊಸನಗರದ ಕಡೆ ಹೈಸ್ಕೂಲುಗಳಿಗೆ ಕರೆದರೆ, ನರ್ಸ್ ಆದ ನಾನು ಭಾಷಣ ಬಿಗಿಯೋದಿಲ್ಲ, ಬಿಪಿ ಮಷಿನ್ ಬಿಚ್ಚಿಡ್ತೀನಿ. ನೀವೂ ಹಾಗೇ ಮಾಡಿ. ಒಬ್ಬಳ ತೋಳಿಗೆ ಪಟ್ಟಿ ಸುತ್ತಿ, ಇನ್ನೊಬ್ಬಳ ಕಿವಿಗೆ ಸ್ಟೆತೊಸ್ಕೋಪ್ ಕೊಡಿ. ಪಟ್ಟಿಗೆ ತುಂಬಿದ ಗಾಳಿ ನಿಧಾನ ಬಿಡುವಾಗ ಮೊದಲ ‘ಟಕ್’ ಕೇಳಿದ್ದು ಮೇಲಿನ ಅಂಕಿ, ಸದ್ದು ನಿಂತದ್ದು ಕೆಳಗಿನದು. ಆ ಟಕ್ ಕೇಳಿದವಳ ಮುಖ ನೋಡಬೇಕು!

ಆಮೇಲೆ ಊರಿನದೇ ವಿಷಯ ತೆಗೀರಿ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ. ಈ ಕಾಯಿಲೆ ಹರಡೋ ಉಣುಗು ಹಿಡಿಯೋರು, ಲ್ಯಾಬಲ್ಲಿ ರಕ್ತ ನೋಡೋರು, ಮನೆಮನೆ ಸುತ್ತೋರು, ಇವರೆಲ್ಲ ಡಾಕ್ಟರೇ ಆಗಿರಬೇಕಿಲ್ಲ.

ನೀಟ್ ಒಂದನ್ನೇ ಜಪಿಸಬೇಡಿ. ಎಸ್ಸೆಸ್ಸೆಲ್ಸಿ ಆದಮೇಲೂ ಪ್ಯಾರಾಮೆಡಿಕಲ್ ಡಿಪ್ಲೊಮಾ ಇದೆ. ನೈಟ್ ಡ್ಯೂಟಿ, ಹಾಸ್ಟೆಲ್ ಬಗ್ಗೆ ಅಪ್ಪ-ಅಮ್ಮ ಕೇಳೇ ಕೇಳ್ತಾರೆ. ಅವರನ್ನ ಅಡಿಕೆ ಕೊಯ್ಲು ಮುಗಿದ ಮೇಲೆ ಕರೆಸಿ, ಕೂರಿಸಿ ಮಾತಾಡಿ.