ಕೀರ್ತನೆಗೆ ಧಾಟಿ ಕೂರಿಸುವಾಗ: ದಾವಣಗೆರೆಯ ಗಾನವೃಂದದ ಅನುಭವ

ಕಥೋಲಿಕ ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಬೈಬಲಿನ ಮೊದಲನೆಯ ವಾಚನದ ನಂತರ ಕೀರ್ತನೆ, ಅಂದರೆ ಬೈಬಲಿನ ಕೀರ್ತನೆಗಳ ಗ್ರಂಥದ ಹಾಡು, ಬರುವ ಜಾಗದಲ್ಲಿ ಚೆನ್ನಾಗಿ ಗೊತ್ತಿರುವ ಭಕ್ತಿಗೀತೆಯೊಂದನ್ನು ಹಾಡಿಬಿಡುವುದು ತಪ್ಪು. ಕೀರ್ತನೆಯೂ ದೇವರ ವಾಕ್ಯವೇ, ಆಗಷ್ಟೇ ಕೇಳಿದ ವಾಚನಕ್ಕೆ ಸಭೆ ಕೊಡುವ ಉತ್ತರ. ಅದಕ್ಕೇ ನಾನು ಕೀಬೋರ್ಡ್ ಮುಟ್ಟುವ ಮೊದಲು ಆ ವಾರದ ವಾಚನ ಓದುತ್ತೇನೆ.

ಮೊದಲು ಕೂರಿಸುವುದು ಶ್ಲೋಕವನ್ನು, ಅಂದರೆ ಜನ ಮತ್ತೆ ಮತ್ತೆ ಹಾಡುವ ಸಾಲನ್ನು. ಒಮ್ಮೆ ಕೇಳಿದರೆ ಬಾಯಿಗೆ ಬರಬೇಕು. ಷಡ್ಜ ಡಿ ಶ್ರುತಿಗೆ ಇಟ್ಟು ಧೈವತದ ಮೇಲೆ ಹೋಗುವುದಿಲ್ಲ. ಬೆಳಗಿನ ಪೂಜೆಗೆ ಗಂಟಲು ಬಿಟ್ಟಿರುವುದಿಲ್ಲ, ತಾರ ಷಡ್ಜಕ್ಕೆ ಏರಿಸಿದರೆ ಅರ್ಧ ಸಭೆ ಸುಮ್ಮನಾಗುತ್ತದೆ.

ನಿಜವಾದ ಕೆಲಸ ಇರುವುದು ಚರಣಗಳಲ್ಲಿ. ಕನ್ನಡದ ಸಾಲುಗಳು ಒಂದೇ ಉದ್ದ ಇರುವುದಿಲ್ಲ: ಒಂದರಲ್ಲಿ ಹತ್ತು ಅಕ್ಷರ, ಮುಂದಿನದರಲ್ಲಿ ಇಪ್ಪತ್ತು. ಆದ್ದರಿಂದ ಲೆಕ್ಕ ಹಿಡಿಯುವುದು ಸಾಲಿನ ಕೊನೆಯಿಂದ. ಕೊನೆಯ ಗುರು ಅಕ್ಷರದ ಕೆಳಗೆ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಅದರ ಹಿಂದಿನದೆಲ್ಲ ಒಂದೇ ಸ್ವರದಲ್ಲಿ, ಮಾತಾಡುವ ವೇಗದಲ್ಲಿ. ಗೆರೆ ಬಂದಲ್ಲಿ ಸ್ವರ ಇಳಿಸಿ ನಿಲುಗಡೆ. ಆಮೇಲೆ ಉಳಿಯುವ ‘ನು’, ‘ದೆ’ಯಂಥ ಲಘುಗಳು ಇಳಿದ ಸ್ವರದಲ್ಲೇ ಮುಗಿಯಬೇಕು, ಎಳೆಯಬಾರದು. ಹ್ರಸ್ವ ಎಳೆದರೆ ‘ನನ್ನ ಬಲ’ ಎನ್ನುವುದು ‘ನನ್ನ ಬಾಲ’ ಆಗಿಬಿಡುತ್ತದೆ. ತಬಲಾ ಸೇರಿದಾಗ ಹೀಗಾಗುವುದು ಹೆಚ್ಚು, ತಾಳ ತುಂಬಿಸಲು ಹಾಡುವವರು ಅಕ್ಷರ ಜಗ್ಗುತ್ತಾರೆ. ನಮ್ಮಲ್ಲಿ ತಬಲಾ ಶ್ಲೋಕಕ್ಕೆ ಮಾತ್ರ.

ಶನಿವಾರದ ಅಭ್ಯಾಸದಲ್ಲಿ ಮೊದಲು ಚರಣಗಳನ್ನು ಸ್ವರವಿಲ್ಲದೆ ಓದಿಸುತ್ತೇನೆ. ಮನೆಮಾತು ಕೊಂಕಣಿಯೋ ತಮಿಳೋ ಆಗಿರುವವರಿಗೆ ಒತ್ತಕ್ಷರ ಅಲ್ಲೇ ಸರಿಯಾಗುತ್ತದೆ. ಓದಲು ತೊಡರುವ ಸಾಲು ಹಾಡಲೂ ತೊಡರುತ್ತದೆ.

ಕೀರ್ತನೆ ಹಾಡುವವರು ನಿಲ್ಲಬೇಕಾದದ್ದು ವಾಚನಪೀಠದಲ್ಲಿ. ಕೀಬೋರ್ಡ್ ದೂರ ಇರುವುದರಿಂದ ಶ್ರುತಿ ಕೇಳದೆ ಅರ್ಧ ಸ್ವರ ಮೇಲೆ ಎತ್ತಿಕೊಳ್ಳುವುದುಂಟು. ವಾಚನ ಮುಗಿದು ಮೌನವಿರುವಾಗಲೇ ಕೀಬೋರ್ಡಿನಲ್ಲಿ ಷಡ್ಜ ಮೆಲ್ಲಗೆ ಹಿಡಿದಿರಬೇಕು. ಸಭೆ ಹಾಡುವಾಗ ಅವರು ಮೈಕಿನಿಂದ ಹಿಂದೆ ಸರಿಯಲಿ, ಇಲ್ಲದಿದ್ದರೆ ಜನಕ್ಕೆ ತಮ್ಮ ದನಿಯೇ ಕೇಳುವುದಿಲ್ಲ.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ, ಬಿಡಿಯಾಗಿ ನುಡಿಸುವಂತಿಲ್ಲ. ಪಾಸ್ಖ (ಈಸ್ಟರ್) ಹಿಂದಿನ ರಾತ್ರಿಯ ಜಾಗರಣೆಗೆ ತಯಾರಿ ಬೇಗ ಶುರುವಾಗಬೇಕು: ಹಳೆಯ ಒಡಂಬಡಿಕೆಯ 7 ವಾಚನ, ಪ್ರತಿಯೊಂದಕ್ಕೂ ಒಂದು ಹಾಡು. ವಾಚನ ಕಡಿಮೆ ಮಾಡಿದರೂ ಕೆಂಪು ಸಮುದ್ರ ದಾಟುವ ವಾಚನವನ್ನು ಬಿಡುವಂತಿಲ್ಲ. ಅದಕ್ಕೆ ಉತ್ತರವಾಗಿ ಬೈಬಲಿನ ವಿಮೋಚನಾಕಾಂಡ 15ನೇ ಅಧ್ಯಾಯದ ಗೀತೆ.

ಪ್ರತಿ ವಾರ ಹೊಸ ಧಾಟಿ ಕಲಿಯಲಾಗದ ಸಣ್ಣ ಗಾನವೃಂದಗಳಿಗೆ ನಿಯಮದಲ್ಲೇ ದಾರಿಯಿದೆ. ಆಯಾ ಕಾಲಕ್ಕೆಂದು ಗೊತ್ತುಮಾಡಿದ ಕೀರ್ತನೆಯನ್ನೇ ವಾರವಾರವೂ ಹಾಡಬಹುದು: ತಪಸ್ಸುಕಾಲಕ್ಕೆ ಕೀರ್ತನೆ 51, 91 ಅಥವಾ 130, ಪಾಸ್ಖಕಾಲಕ್ಕೆ 118 ಅಥವಾ 66. ಸೆಪ್ಟೆಂಬರ್ 8ರ ಹರಿಹರದ ಆರೋಗ್ಯಮಾತೆಯ (ಮೇರಿ ಮಾತೆಯ) ಹಬ್ಬದಂತೆ ಊರೂರಿನ ಜನ ಸೇರುವಲ್ಲೂ ಎಲ್ಲರಿಗೂ ಪರಿಚಯವಿರುವ ಧಾಟಿಯೇ ಸರಿ, ಹೊಸದನ್ನು ಅಲ್ಲಿ ಹಾಡಲು ಹೋಗಬೇಡಿ.